ನೊರೆ ಇಳಿಯಿತೆಂದು ಹೇಳುವವರು ಯಾರು?

ಮನೆಯಲ್ಲಿ ಮಾಡಿದ ಬಿಯರನ್ನು ಎರಡು ದಿನ ಮೊದಲೇ ಬಾಟಲಿಗೆ ತುಂಬಿದರೆ ಬಾಟಲಿ ಸಿಡಿಯುತ್ತದೆ. ಇದರಲ್ಲಿ ರೂಪಕವೇನೂ ಇಲ್ಲ. ಡೊಂಬಿವಲಿಯ ಒಂದು ಬಿ.ಎಚ್.ಕೆ. ಫ್ಲ್ಯಾಟಿನ ಅಡುಗೆಮನೆಯ ಕಟ್ಟೆಯ ಕೆಳಗೆ ಸಾಲಾಗಿ ಇಟ್ಟ ಕಂದು ಬಾಟಲಿಗಳಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಒಡೆದರೆ, ಅದರ ಚೂರು ತಗಲಿ ಪಕ್ಕದ್ದೂ ಒಡೆಯುತ್ತದೆ. ಭಂಗಾರವಾಲನಿಂದ ತಂದ 650 ಮಿಲಿಲೀಟರಿನ ಬಾಟಲಿ ಅದಕ್ಕೆ ಮೊದಲು ಎಷ್ಟು ಸಲ ಕಾರ್ಖಾನೆಗೆ ಹೋಗಿ ಬಂದಿದೆ, ಅದರ ಗಾಜಿನಲ್ಲಿ ಎಲ್ಲಿ ಕೂದಲೆಳೆಯ ಬಿರುಕಿದೆ ಎಂದು ಹೇಳಬಲ್ಲವರಿಲ್ಲ.

ಕಾರಣ ಸರಳ. ಮಾಲ್ಟಿನ ಕಷಾಯದಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಒಂದು ಗ್ರಾಂ ಸಕ್ಕರೆಗೆ ಹೆಚ್ಚುಕಡಿಮೆ ಅರ್ಧ ಗ್ರಾಂ ಅನಿಲ. ಡ್ರಮ್ಮಿನಲ್ಲಿದ್ದಾಗ ಅನಿಲ ಹೊರಗೆ ಹೋಗುತ್ತದೆ, ಬಾಟಲಿಗೆ ಮುಚ್ಚಳ ಬಡಿದ ಮೇಲೆ ಹೋಗಲು ದಾರಿಯಿಲ್ಲ. ಬಿಯರಿಗೆ ಬೇಕಾದ ನೊರೆಗಾಗಿ ತುಂಬುವಾಗ ಲೀಟರಿಗೆ ಐದಾರು ಗ್ರಾಂ ಸಕ್ಕರೆಯನ್ನು ಬೇಕೆಂದೇ ಹಾಕುವುದುಂಟು, ಅದರ ಲೆಕ್ಕ ಮೊದಲೇ ಗೊತ್ತು. ಲೆಕ್ಕಕ್ಕೆ ಸಿಗದೆ ಉಳಿದ ಸಕ್ಕರೆಯದೇ ಅಪಾಯ. ನೀರಿನ ಸಾಂದ್ರತೆ 1.000 ಎಂದಿಟ್ಟುಕೊಂಡರೆ ಸಾಧಾರಣ ಮಾಲ್ಟ್ ಕಷಾಯ 1.050ರ ಸುಮಾರಿನಲ್ಲಿ ಶುರುವಾಗಿ 1.010ರ ಹತ್ತಿರ ಬಂದು ನಿಲ್ಲುತ್ತದೆ. 1.014ರಲ್ಲೇ ಅವಸರ ಮಾಡಿ ತುಂಬಿದರೆ, ಆ ನಾಲ್ಕು ಅಂಕದ ಸಕ್ಕರೆ ಬಾಟಲಿಯೊಳಗಿನ ಅನಿಲವನ್ನು ಎರಡರಷ್ಟು ಮಾಡುತ್ತದೆ.

ಹಾಗಾದರೆ ಹುದುಗು ಮುಗಿಯಿತೆಂದು ತಿಳಿಯುವುದು ಹೇಗೆ? ಇವತ್ತಿನ ಪುಸ್ತಕಗಳ ಉತ್ತರ: ಹೈಡ್ರೋಮೀಟರನ್ನು ತೇಲಿಬಿಟ್ಟು ಓದಿ, ಎರಡು ಮೂರು ದಿನ ಅಂಕಿ ಕದಲದಿದ್ದರೆ ತುಂಬಿ. ಏರ್‌ಲಾಕಿನ ಗುಳ್ಳೆಯನ್ನು ನಂಬಬೇಡಿ ಎಂದೂ ಅವು ಹೇಳುತ್ತವೆ. ಮುಚ್ಚಳ ಸಡಿಲವಾಗಿದ್ದರೆ ಹುದುಗುತ್ತಿರುವಾಗಲೂ ಗುಳ್ಳೆ ಬರುವುದಿಲ್ಲ. ಮಧ್ಯಾಹ್ನದ ಸೆಕೆಗೆ ದ್ರವ ಬಿಸಿಯಾದರೆ ಹುದುಗು ಮುಗಿದಿದ್ದರೂ ಕರಗಿದ್ದ ಅನಿಲ ಗುಳ್ಳೆಯಾಗಿ ಹೊರಡುತ್ತದೆ. ಇದೆಲ್ಲ ನಿಜ. ಆದರೆ ಈ ಗಾಜಿನ ಕಡ್ಡಿ ಥಾಣೆ ಜಿಲ್ಲೆಗೆ ಬಂದ ದಾರಿ ಬೇರೆ. ಹುದುಗಿಸುವವರ ನೆರವಿಗೆಂದು ಅದು ಇಲ್ಲಿಗೆ ಬರಲಿಲ್ಲ. ಬಂದದ್ದು ಅಬಕಾರಿ ಅಧಿಕಾರಿಯ ಪೆಟ್ಟಿಗೆಯಲ್ಲಿ.

ಅದಕ್ಕೂ ಮೊದಲು ಇಲ್ಲಿ ಹುದುಗು ತಿಳಿದವರಿಗೆ ಕಡ್ಡಿಯ ಅಗತ್ಯವಿರಲಿಲ್ಲ. ವಸಯಿಯಿಂದ ಡಹಾಣುವರೆಗಿನ ಕರಾವಳಿಯಲ್ಲಿ ತಾಡ, ಮಾಡ, ಶಿಂದಿ ಎಂಬ ಮೂರು ಮರಗಳಿಂದ ರಸ ಇಳಿಸುತ್ತಿದ್ದವರು ಭಂಡಾರಿಗಳು. ತಾಡ ಎಂದರೆ ತಾಳೆ, ಮಾಡ ಎಂದರೆ ತೆಂಗು, ಶಿಂದಿ ಎಂದರೆ ಈಚಲು. ಮರಾಠಿಯಲ್ಲಿ ಶಿಂದಿ ಮರವೂ ಹೌದು, ಪಾನೀಯವೂ ಹೌದು. ಕನ್ನಡದ ಸೇಂದಿಯಲ್ಲಿ ಮರ ಮರೆತುಹೋಗಿ ಪಾನೀಯ ಮಾತ್ರ ಉಳಿದಿದೆ. ಇದೇ ಕಸುಬು ಮಂಗಳೂರು, ಉಡುಪಿಯ ಕಡೆ ಮೂರ್ತೆ. ಆ ಕಸುಬಿನ ಬಿಲ್ಲವ ಮನೆತನಗಳಿಂದ ಮುಂಬಯಿಗೆ ಬಂದವರು 1932ರಲ್ಲೇ ಇಲ್ಲಿ ತಮ್ಮ ಸಂಘ ಕಟ್ಟಿದರು. ಥಾಣೆ, ಡೊಂಬಿವಲಿ, ಕಲ್ಯಾಣದ ಇಂದಿನ ಕನ್ನಡ–ತುಳು ಮನೆಗಳಲ್ಲಿ ಅಂಥವು ಎಷ್ಟೋ ಇವೆ.

ತಾಳೆಯ ರಸಕ್ಕೆ ಯೀಸ್ಟ್ ಹಾಕುವವರಿಲ್ಲ. ಹಿಂದಿನ ದಿನದ ಗಡಿಗೆಯ ಗೋಡೆಯಲ್ಲೇ ಅದು ಕೂತಿರುತ್ತದೆ. ರಸ ತೊಟ್ಟಿಕ್ಕುತ್ತಿರುವಾಗಲೇ ಹುದುಗು ಶುರು. ಮುಂಜಾನೆ ಇಳಿಸಿದಾಗ ಸಿಹಿ, ಮಧ್ಯಾಹ್ನದ ಹೊತ್ತಿಗೆ ಖಾರದ ಚುರುಕು, ಮರುದಿನಕ್ಕೆ ಹುಳಿ, ಅದರಾಚೆ ವಿನಿಗರ್. ಇಲ್ಲಿ ‘ಮುಗಿಯಿತು’ ಎಂಬ ಒಂದು ಗಳಿಗೆಯೇ ಇಲ್ಲ, ಯಾವುದಕ್ಕೆ ಎಂಬುದರ ಮೇಲೆ ಹೊತ್ತು ನಿಂತಿದೆ. ಮಕ್ಕಳಿಗೆ ಕೊಡಲು ಒಂದು ಹೊತ್ತು, ಕುಡಿಯುವವನಿಗೆ ಒಂದು ಹೊತ್ತು, ಭಟ್ಟಿಗೆ ಒಂದು ಹೊತ್ತು. ಅಡುಗೆಮನೆಗೂ ಒಂದಿತ್ತು. ವಸಯಿ, ಥಾಣೆಯ ಈಸ್ಟ್ ಇಂಡಿಯನ್ ಕ್ರೈಸ್ತರು ಫುಗಿಯಾ ಉಬ್ಬಿಸಲು, ಮಂಗಳೂರಿನ ಕ್ರೈಸ್ತರು ಸನ್ನ ಉಬ್ಬಿಸಲು ಬಳಸಿದ್ದು ಇದೇ ತಾಡಿಯನ್ನು. ತೀರ ಹೊಸದಾದರೆ ಹಿಟ್ಟು ಏಳದು, ಹಳೆಯದಾದರೆ ಹುಳಿ ನಾರುತ್ತದೆ. (ಡೊಂಬಿವಲಿಯ ಉಡುಪಿ ಹೋಟೆಲಿನ ಹಿಂದಿನ ಕೋಣೆಯಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಯ ಮುಂದೆ ನಿಂತು ‘ಬಂತು’ ಎಂದೋ ‘ಇನ್ನೂ ಬಂದಿಲ್ಲ’ ಎಂದೋ ಹೇಳುವ ಭಟ್ಟರ ವಿದ್ಯೆಯೂ ಇದೇ ಕುಲದ್ದು.)

ಒಳನಾಡಿನಲ್ಲಿ, ಶಹಾಪುರ, ಮುರಬಾಡ, ಜವ್ಹಾರದ ಕಡೆ, ಮಹುವಾ. ಕನ್ನಡದ ಹಿಪ್ಪೆ ಮರದ ಒಡಹುಟ್ಟು. ಮಾರ್ಚ್–ಏಪ್ರಿಲಿನಲ್ಲಿ ಉದುರುವ ರಸಭರಿತ ಹೂವನ್ನು ವಾರ್ಲಿ, ಠಾಕೂರ, ಕಾತಕರಿ ಜನ ಆರಿಸಿ ಒಣಗಿಸಿಡುತ್ತಿದ್ದರು. ಅದು ಆಹಾರವೂ ಆಗಿತ್ತು, ದನದ ಮೇವೂ ಆಗಿತ್ತು, ನೀರಿನಲ್ಲಿ ನೆನೆಹಾಕಿದರೆ ಕೆಲವೇ ದಿನಗಳಲ್ಲಿ ಹುದುಗಿ ಭಟ್ಟಿಗೆ ಬರುತ್ತಿತ್ತು. ಸೆಕೆಗೆ ಬೇಗ, ಚಳಿಗೆ ತಡ. ಮಡಕೆಗೆ ಕಿವಿಗೊಟ್ಟರೆ ಕೇಳುವ ಸುಯ್ಗುಡುವ ಸದ್ದು ಅಡಗಿ, ನಾಲಿಗೆಗೆ ಸಿಹಿ ಹತ್ತದಿದ್ದರೆ ಆಯಿತೆಂದು ಅರ್ಥ. ಭಟ್ಟಿ ಇಳಿಸುವವನಿಗೆ ಒಂದು ಅನುಕೂಲವಿದೆ. ಅವನು ಒಂದು ದಿನ ಮೊದಲೇ ಒಲೆ ಹೊತ್ತಿಸಿದರೆ ಸ್ವಲ್ಪ ಕಡಿಮೆ ಇಳಿಯುತ್ತದೆ, ಅಷ್ಟೆ. ಸಿಡಿಯುವಂಥದ್ದೇನಿಲ್ಲ. ಬಾಟಲಿಯೊಳಗೆ ಜೀವಂತ ಯೀಸ್ಟನ್ನು ಕೂಡಿಹಾಕುವ ಬಿಯರಿನವನಿಗೆ ಮಾತ್ರ ಅಷ್ಟು ನಿಖರತೆ ಬೇಕು.

ಆ ನಿಖರತೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1760ರ ದಶಕದ ಕೊನೆಯಲ್ಲಿ ಹ್ಯಾಂಪ್‌ಶೈರಿನ ಆಲ್ಟನ್ ಎಂಬ ಊರಿನ ಜೇಮ್ಸ್ ಬ್ಯಾವರ್‌ಸ್ಟಾಕ್ ಎಂಬ ತರುಣ ಬ್ರೂವರ್ ತಂದೆಯ ಕಣ್ಣು ತಪ್ಪಿಸಿ ಥರ್ಮಾಮೀಟರ್ ಬಳಸತೊಡಗಿದ. ತಂದೆಗೆ ಇಂಥ ಹೊಸ ಆಟಗಳು ಆಗದು. ಆಮೇಲೆ ಹೈಡ್ರೋಮೀಟರನ್ನೂ ತಂದು, ಮಾಲ್ಟ್ ಕಷಾಯದಲ್ಲಿ ತೇಲಿಬಿಟ್ಟು ಅಳೆದ. ಲಂಡನ್ನಿನ ಹೆಸರಾಂತ ಬ್ರೂವರ್ ಸ್ಯಾಮ್ಯುಯೆಲ್ ವಿಟ್‌ಬ್ರೆಡ್ ಬಳಿ ಇದನ್ನು ಒಯ್ದು ತೋರಿಸಿದಾಗ ಆತ ಹುಚ್ಚಾಟವೆಂದು ಸಾಗಹಾಕಿದ. ಹೆನ್ರಿ ಥ್ರೇಲ್ ಮಾತ್ರ ಒಪ್ಪಿಕೊಂಡ. 1784ರಲ್ಲಿ ಹಲ್ ಊರಿನ ಜಾನ್ ರಿಚರ್ಡ್‌ಸನ್ ಇದರ ಮೇಲೆ ಪುಸ್ತಕವನ್ನೇ ಬರೆದು ಸ್ಯಾಕರೋಮೀಟರ್ ಎಂಬ ಹೆಸರನ್ನು ಚಾಲ್ತಿಗೆ ತಂದ. ಹದಿನಾರು ವರ್ಷಗಳಲ್ಲಿ ಕಳ್ಳ ಆಟಿಕೆ ಕಸುಬಿನ ಸಾಧನವಾಯಿತು.

ಕಸುಬಿನವನ ಕೈಗೆ ಬಂದದ್ದು ತೆರಿಗೆಯವನ ಕೈಗೆ ಹೋಗಲು ತಡವಾಗಲಿಲ್ಲ. ಅಬಕಾರಿ ಇಲಾಖೆಯಲ್ಲೇ ಕೆಲಸ ಮಾಡಿದ್ದ ಬಾರ್ಥಲೋಮ್ಯು ಸೈಕ್ಸ್ ರೂಪಿಸಿದ ಹೈಡ್ರೋಮೀಟರನ್ನು 1816ರ ಕಾಯ್ದೆ ಮದ್ಯದ ಬಲ ಅಳೆಯುವ ಅಧಿಕೃತ ಸಾಧನವೆಂದು ಸಾರಿತು. 1880ರಲ್ಲಿ ಗ್ಲ್ಯಾಡ್‌ಸ್ಟನ್ ಬಿಯರಿನ ತೆರಿಗೆಯನ್ನು ಮಾಲ್ಟಿನ ಮೇಲಿಂದ ತೆಗೆದು ಕಷಾಯದ ಸಾಂದ್ರತೆಯ ಮೇಲೆ ಹಾಕಿದರು. ಅಲ್ಲಿಂದ ಮುಂದೆ ಬ್ರೂವರ್ ನೋಡುವ ಅಂಕಿಯೂ ಸರ್ಕಾರ ನೋಡುವ ಅಂಕಿಯೂ ಒಂದೇ.

ಮುಂಬಯಿ ಪ್ರಾಂತದಲ್ಲಿ ಈ ಅಂಕಿಯ ಆಳ್ವಿಕೆ ಶುರುವಾದದ್ದು 1878ರ ಅಬಕಾರಿ ಕಾಯ್ದೆಯಿಂದ, ಅದನ್ನು ಜಾರಿಗೊಳಿಸಿದ ಕಮಿಷನರ್ ಚಾರ್ಲ್ಸ್ ಪ್ರಿಚರ್ಡ್‌ನಿಂದ. ಹಳ್ಳಿಹಳ್ಳಿಯ ಸಣ್ಣ ಭಟ್ಟಿಗಳನ್ನು ಮುಚ್ಚಿಸಿ, ದೊಡ್ಡ ಕೇಂದ್ರ ಭಟ್ಟಿಗಳಲ್ಲಿ ಮಾತ್ರ ಮದ್ಯ ಇಳಿಸುವ ವ್ಯವಸ್ಥೆ ಬಂತು. ಥಾಣೆ, ಕೊಲಾಬಾ ಜಿಲ್ಲೆಗಳಿಗೆ ಆ ಕೇಂದ್ರ ಉರಣ. ಇವತ್ತು ನವಿಮುಂಬಯಿ ಯೋಜನೆಯ ವ್ಯಾಪ್ತಿಗೆ ಸೇರಿರುವ, ಬಂದರಿನ ಕಂಟೇನರು ಲಾರಿಗಳಿಂದ ತುಂಬಿರುವ ಉರಣದ ಹಳೆಯ ಖ್ಯಾತಿ ಪಾರ್ಸಿ ಮಾಲೀಕರ ಮಹುವಾ ಭಟ್ಟಿಗಳದ್ದು. ಅಲ್ಲಿ ಪ್ರತಿ ಪೀಪಾಯಿಯನ್ನೂ ಅಳೆದು ಮುದ್ರೆ ಹಾಕಿಯೇ ಹೊರಗೆ ಬಿಡುತ್ತಿದ್ದರು. ಅಳತೆಗೆ ಎರಡು ದರ್ಜೆ: 25 ಯು.ಪಿ., 60 ಯು.ಪಿ. ಯು.ಪಿ. ಎಂದರೆ ‘ಅಂಡರ್ ಪ್ರೂಫ್’, ಅಂದರೆ ಬ್ರಿಟಿಷ್ ಪ್ರೂಫ್ ಎಂಬ ಮಟ್ಟಕ್ಕಿಂತ ನೂರಕ್ಕೆ ಇಷ್ಟು ಕೆಳಗೆ. ಆ ಮಟ್ಟ ಶೇ. 57.1ರಷ್ಟು ಆಲ್ಕೋಹಾಲ್. ಅದರಲ್ಲಿ ನಾಲ್ಕನೆಯ ಒಂದು ಪಾಲು ಕಳೆದರೆ 42.8. ಈಗಲೂ ದೇಶದಲ್ಲಿ ಮಾರುವ ರಮ್, ವಿಸ್ಕಿ ಬಾಟಲಿಗಳ ಮೇಲೆ ಅಚ್ಚಾಗಿರುವ 42.8 ಎಂಬ ವಿಚಿತ್ರ ಸಂಖ್ಯೆಯ ಮೂಲ ಇದು. ಸೈಕ್ಸ್‌ನ ಕಡ್ಡಿ ನಿಗದಿಯಾದದ್ದು 60 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ 15.6 ಸೆಲ್ಸಿಯಸ್. ಉರಣದ ದಂಡೆಯಲ್ಲಿ ಅಂಥ ತಂಪು ಜನವರಿಯ ಬೆಳಗಿನ ಜಾವದಲ್ಲೂ ಅಪರೂಪ. ಆದ್ದರಿಂದ ಕಡ್ಡಿಯ ಜೊತೆ ಉಷ್ಣಾಂಶದ ಕೋಷ್ಟಕದ ಪುಸ್ತಕವನ್ನೂ ಇಟ್ಟುಕೊಳ್ಳಬೇಕಾಯಿತು.

ಭಂಡಾರಿಗಳ ಮರಗಳಿಗೆ ಬೇರೆ ಲೆಕ್ಕ. ರಸ ಎಷ್ಟು ಇಳಿಯಿತು, ಎಷ್ಟು ಹುದುಗಿತು ಎಂದು ಮರದಡಿ ನಿಂತು ಅಳೆಯುವುದು ಯಾವ ಸರ್ಕಾರಕ್ಕೂ ಆಗದ ಕೆಲಸ. ಹಾಗಾಗಿ ಮರಕ್ಕೇ ಗುರುತು ಹಾಕಿ, ಮರವೊಂದಕ್ಕೆ ಇಷ್ಟೆಂದು ತೆರಿಗೆ ಕಟ್ಟಿದರು, ಏರಿಸಿದರು. ಕಸುಬು ಕೈಬಿಡಬೇಕಾಗುತ್ತದೆ ಎಂದು ಭಂಡಾರಿಗಳು ದೂರಿಕೊಂಡರು.

ಮಹುವಾದಲ್ಲಿ ಕಾನೂನು ಇನ್ನೂ ಹಿಂದಕ್ಕೆ ಹೋಯಿತು. ಹೂವು ಮರದಿಂದ ತಾನಾಗಿ ಬೀಳುತ್ತದೆ, ಮಡಕೆ ಪ್ರತಿ ಗುಡಿಸಲಲ್ಲೂ ಇದೆ, ಕಾಡಿನೊಳಗೆ ಭಟ್ಟಿ ಹುಡುಕುವುದು ಕಷ್ಟ. 1892ರಲ್ಲಿ ಮುಂಬಯಿ ಸರ್ಕಾರ ಥಾಣೆ, ಕೊಲಾಬಾ ಜಿಲ್ಲೆಗಳಿಗಾಗಿ ‘ಮ್ಹೌರಾ ಕಾಯ್ದೆ’ ತಂದು ಹೂವನ್ನು ಕೂಡಿಡುವುದನ್ನೂ ಸಾಗಿಸುವುದನ್ನೂ ಮಾರುವುದನ್ನೂ ನಿರ್ಬಂಧಿಸಿತು. ಹುದುಗು ಮುಗಿಯುವುದು ಹಾಗಿರಲಿ, ಶುರುವಾಗುವ ಮೊದಲೇ ಅಪರಾಧ ‘ಸಿದ್ಧ’ವಾಗಿತ್ತು. ಬರಗಾಲದಲ್ಲಿ ಅದೇ ಹೂವನ್ನು ಬೇಯಿಸಿ ತಿನ್ನುವವರಿಗೆ ಇದರಿಂದ ಏನಾಯಿತೆಂದು ಊಹಿಸಬಹುದು. ಮದ್ಯದ ಕಾನೂನುಗಳಲ್ಲಿ ಇದಕ್ಕಿಂತ ಒರಟಾದದ್ದನ್ನು ತೋರಿಸುವುದು ಕಷ್ಟ. ಸ್ವಾತಂತ್ರ್ಯದ ನಂತರದ ಕಾಯ್ದೆಯಲ್ಲೂ ಮಹುವಾ ಹೂವಿಗೆ ಪ್ರತ್ಯೇಕ ಕಲಮುಗಳು ಮುಂದುವರಿದವು. ಮಹಾರಾಷ್ಟ್ರ ಸರ್ಕಾರ ಹೂವಿನ ಸಂಗ್ರಹ, ಸಾಗಣೆಯ ಮೇಲಿನ ನಿರ್ಬಂಧವನ್ನು ಸಡಿಲಿಸಿದ್ದು 2021ರಲ್ಲಿ.

ಆ ನಂತರದ ಕಾಯ್ದೆಯೇ 1949ರ ಮುಂಬಯಿ ಪಾನನಿಷೇಧ ಕಾಯ್ದೆ. ಮೊರಾರ್ಜಿ ದೇಸಾಯಿ ಗೃಹಮಂತ್ರಿಯಾಗಿದ್ದಾಗ ಬಂದದ್ದು. 1950ರ ಏಪ್ರಿಲಿನಿಂದ ಪ್ರಾಂತದಲ್ಲಿ ಸಂಪೂರ್ಣ ಪಾನನಿಷೇಧ. ಈ ಕಾಯ್ದೆಯ ಪರಿಭಾಷೆಯ ಭಾಗವನ್ನು ಭಾಷೆಯಲ್ಲಿ ಆಸಕ್ತಿಯಿರುವವರು ಒಮ್ಮೆ ಓದಬೇಕು. ಮರದ ರಸವನ್ನು ಪೂರ್ತಿ ನಿಷೇಧಿಸಿದರೆ ಮರ ಹತ್ತುವವರ ಗತಿಯೇನು? ಅದಕ್ಕೆ ಸಿಕ್ಕ ಉಪಾಯ ನೀರಾ. ತಾಡಿಯೂ ನೀರಾವೂ ಒಂದೇ ಮರದ ಒಂದೇ ರಸ. ಹುದುಗದಂತೆ ಇಳಿಸಿದರೆ ನೀರಾ, ಹುದುಗಿದರೆ ತಾಡಿ. ಗಡಿಗೆಯ ಒಳಗೆ ಸುಣ್ಣ ಬಳಿದು ಹುದುಗನ್ನು ತಡೆಯುತ್ತಿದ್ದರು, ಈಗ ತಂಪಿನಲ್ಲಿಟ್ಟು ತಡೆಯುತ್ತಾರೆ. ತಲೆಮಾರುಗಳಿಂದ ಹುದುಗು ‘ಬಂತೇ’ ಎಂದು ನೋಡುತ್ತಿದ್ದ ಮನುಷ್ಯ ಈಗ ಅದೇ ಮೂಗು, ಅದೇ ನಾಲಿಗೆಯಿಂದ ಹುದುಗು ‘ಬರಲಿಲ್ಲ ತಾನೇ’ ಎಂದು ನೋಡಬೇಕಾಯಿತು. ಬೆಳಿಗ್ಗೆ ಏಳಕ್ಕೆ ಆರೋಗ್ಯಪೇಯವಾಗಿದ್ದದ್ದು ಬಿಸಿಲೇರಿದಂತೆ ಅಪರಾಧದ ಕಡೆಗೆ ಜಾರುತ್ತದೆ. ಮುಂಬಯಿಯ ರೈಲು ನಿಲ್ದಾಣಗಳಲ್ಲಿದ್ದ ನೀರಾ ಗೂಡಂಗಡಿಗಳಲ್ಲಿ ಬೆಳಗಿನ ಹೊತ್ತೇ ವ್ಯಾಪಾರ ಜೋರಾಗಿರುತ್ತಿದ್ದುದಕ್ಕೆ ಯೀಸ್ಟಿನ ಗಡಿಯಾರವೇ ಕಾರಣ.

ಪಾನನಿಷೇಧದ ವರ್ಷಗಳಲ್ಲಿ ಭಟ್ಟಿ ಕಾಡಿನಿಂದ ಖಾಡಿಗೆ ಇಳಿಯಿತು. ಥಾಣೆ, ಕಲ್ಯಾಣದ ಖಾಡಿಗಳ ಅಂಚಿನ ಕಾಂಡ್ಲಾ ಪೊದೆಗಳ ನಡುವೆ ದೋಣಿಯಲ್ಲಷ್ಟೇ ತಲುಪಬಹುದಾದ ಜಾಗಗಳಲ್ಲಿ ಡ್ರಮ್ಮುಗಳು ಕೂತವು. ಅಲ್ಲಿನ ‘ಹಾತಭಟ್ಟಿ’ಯ ಮೇಲೆ ಪೊಲೀಸ್ ದಾಳಿಗಳು ಇಂದಿಗೂ ನಡೆಯುತ್ತವೆ. ಮರಾಠಿ ಪಂಚನಾಮೆಗಳಲ್ಲಿ ಆ ಡ್ರಮ್ಮಿನಲ್ಲಿರುವ ಹುದುಗುವ ದ್ರವದ ಹೆಸರು ‘ರಸಾಯನ’. ಕರ್ನಾಟಕದ ಅಬಕಾರಿ ಪ್ರಕಟಣೆಗಳಲ್ಲಿ ಅದೇ ವಸ್ತು ‘ಬೆಲ್ಲದ ಕೊಳೆ’. ಒಂದು ಭಾಷೆಗೆ ಅದು ಪ್ರಯೋಗಶಾಲೆಯಂತೆ ಕಂಡರೆ ಇನ್ನೊಂದಕ್ಕೆ ಕಸದಂತೆ ಕಂಡಿದೆ. ಕನ್ನಡದಲ್ಲಿ ಹಿಟ್ಟು ಹುದುಗುತ್ತದೆ, ಹುಳಿ ಬರುತ್ತದೆ. ಬೆಲ್ಲದ ನೀರು ಮಾತ್ರ ಕೊಳೆಯುತ್ತದೆ. ಮೂರರಲ್ಲೂ ನಡೆಯುವುದು ಸೂಕ್ಷ್ಮಜೀವಿಗಳ ಕೆಲಸವೇ.

ದಾಳಿಯ ಸುದ್ದಿಗಳಲ್ಲಿ ತಪ್ಪದೆ ಬರುವ ಇನ್ನೊಂದು ಶಬ್ದ ನವಸಾಗರ. ಓದುವವರಿಗೆ ಅದು ವಿಷದಂತೆ ಕೇಳುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಿದ್ದ ಅಮೋನಿಯಂ ಕ್ಲೋರೈಡೇ ಇದು. ಬೆಲ್ಲದಲ್ಲಿ ಸಕ್ಕರೆ ಬೇಕಾದಷ್ಟಿದೆ, ಯೀಸ್ಟಿಗೆ ಬೇಕಾದ ಸಾರಜನಕ ತೀರ ಕಡಿಮೆ. ನವಸಾಗರ ಅದನ್ನು ಒದಗಿಸಿ ಹುದುಗನ್ನು ಬೇಗ ಮುಗಿಸುತ್ತದೆ. ಮನೆ ಬಿಯರಿನವರು, ವೈನಿನವರು ‘ಯೀಸ್ಟ್ ನ್ಯೂಟ್ರಿಯೆಂಟ್’ ಎಂದು ಪೊಟ್ಟಣದಲ್ಲಿ ಕೊಳ್ಳುವ ಡೈಅಮೋನಿಯಂ ಫಾಸ್ಫೇಟಿನ ಕೆಲಸವೂ ಅದೇ. ಪೊಲೀಸರು ಬರುವ ಮೊದಲು ಮುಗಿಯಬೇಕಾದ ಡ್ರಮ್ಮಿಗೆ ಅವಸರವಿತ್ತು. ಖಾಡಿಯ ಭಟ್ಟಿ ನಿರಪಾಯವೆಂದೇನೂ ಇದರ ಅರ್ಥವಲ್ಲ. ಆದರೆ 2015ರ ಜೂನಿನಲ್ಲಿ ಮಾಲಾಡಿನ ಮಾಲವಣಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದು ಹುದುಗಿನ ತಪ್ಪಲ್ಲ, ಕೈಗಾರಿಕೆಯ ಮೆಥನಾಲನ್ನು ಮದ್ಯದ ಹೆಸರಲ್ಲಿ ಮಾರಿದ್ದು. ಇವೆರಡನ್ನೂ ಒಂದೇ ಶಬ್ದದಲ್ಲಿ ‘ಕಳ್ಳಭಟ್ಟಿ’ ಎಂದು ಕರೆದಾಗ ಸಾವಿನ ನಿಜವಾದ ಕಾರಣ ಮಸುಕಾಗುತ್ತದೆ.

ಬಿಯರ್ ಈ ಕತೆಯಲ್ಲಿ ತಡವಾಗಿ ಬಂದ ನೆಂಟ. ದಕ್ಷಿಣದಲ್ಲಿ ಅದರ ಊರು ಬೆಂಗಳೂರು. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅವುಗಳಲ್ಲಿ ಹಳೆಯದಾದ ಕ್ಯಾಸಲ್ ಬ್ರೂವರಿ 1857ರದು. ಆಗ ಬಿಯರ್ ದಂಡಿನ ಸೈನಿಕರಿಗೆ ಹೋಗುತ್ತಿದ್ದದ್ದು ದೊಡ್ಡ ಪೀಪಾಯಿಗಳಲ್ಲಿ, ಎತ್ತಿನ ಗಾಡಿಯ ಮೇಲೆ. ಅದೇ ಕಂಪನಿಯ ಬಿಯರ್ ಕಾರ್ಖಾನೆಯೊಂದು ಈಗ ನವಿಮುಂಬಯಿಯ ತಳೋಜಾ ಕೈಗಾರಿಕಾ ಪ್ರದೇಶದಲ್ಲಿದೆ. ಉರಣದಿಂದ ಹೆಚ್ಚು ದೂರವಿಲ್ಲ.

ಕಾರ್ಖಾನೆಯಲ್ಲಿ ‘ಬಾಟಲಿ ಸಿಡಿಯುತ್ತದೆಯೇ’ ಎಂಬ ಪ್ರಶ್ನೆಯೇ ಉಳಿದಿಲ್ಲ. 1876ರಲ್ಲಿ ಲೂಯಿ ಪಾಶ್ಚರ್ ಬಿಯರಿನ ಮೇಲೆ ಬರೆದ ಪುಸ್ತಕದ ನಂತರ ಆ ಪ್ರಶ್ನೆಯನ್ನು ಬೇರುಸಹಿತ ತೆಗೆದುಹಾಕುವ ದಾರಿ ಸಿಕ್ಕಿತು. ಸೋಸಿ, ಅನಿಲವನ್ನು ಹೊರಗಿನಿಂದ ತುಂಬಿ, ಬಾಟಲಿಯನ್ನು 60 ಡಿಗ್ರಿಯ ಸುಮಾರಿಗೆ ಕಾಯಿಸಿದರೆ ಉಳಿದಿದ್ದ ಯೀಸ್ಟೂ ಸತ್ತುಹೋಗುತ್ತದೆ. ಡೊಂಬಿವಲಿಯಲ್ಲಿ ಬ್ರೂವರಿ ಹೂಡಿದ ಗೇಟ್‌ವೇ ಬ್ರೂಯಿಂಗ್ ಕಂಪನಿಯಂಥ ಸಣ್ಣವರು ಬಿಯರನ್ನು ಉಕ್ಕಿನ ಕೆಗ್‌ಗಳಲ್ಲಿ ತುಂಬಿ ಮುಂಬಯಿಯ ಹೋಟೆಲುಗಳಿಗೆ ಕಳಿಸಿದರು. ಉಕ್ಕು ಗಾಜಿನಂತೆ ಸಿಡಿಯುವುದಿಲ್ಲ. ಹೀಗಾಗಿ ಈ ನಾಲ್ಕು ಊರುಗಳಲ್ಲಿ ಜೀವಂತ ಬಿಯರನ್ನು ಗಾಜಿನೊಳಗೆ ಮುಚ್ಚುವ ಗಳಿಗೆಯ ಬಗ್ಗೆ ಇನ್ನೂ ತಲೆ ಕೆಡಿಸಿಕೊಳ್ಳುವವರು ಮನೆಯಲ್ಲಿ ಮಾಡುವವರು ಮಾತ್ರ.

ಅವರ ಸ್ಥಿತಿ ಕಾನೂನಿನಲ್ಲಿ 1892ರ ಹೂವು ಆರಿಸುವವರಿಗಿಂತ ತೀರ ಬೇರೆಯೇನಲ್ಲ. ಬ್ರಿಟನ್ 1963ರಲ್ಲಿ ಮನೆ ಬಿಯರಿಗೆ ಬೇಕಿದ್ದ ಲೈಸೆನ್ಸನ್ನು ತೆಗೆದುಹಾಕಿತು. ಅಮೆರಿಕದಲ್ಲಿ 1978ರಲ್ಲಿ ಕಾರ್ಟರ್ ಸಹಿ ಹಾಕಿದ ಮಸೂದೆ ಮನೆಬಳಕೆಯ ಬಿಯರಿಗೆ ಒಕ್ಕೂಟದ ವಿನಾಯಿತಿ ಕೊಟ್ಟಿತು. ಮಧ್ಯಪ್ರದೇಶದಲ್ಲಿ ಆದಿವಾಸಿಗಳಿಗೆ ಮನೆಬಳಕೆಗೆಂದು ಮಿತ ಪ್ರಮಾಣದಲ್ಲಿ ಇಳಿಸಿಕೊಳ್ಳುವ ಅವಕಾಶವಿದೆ. ಮಹಾರಾಷ್ಟ್ರದಲ್ಲಿ, ಹೆಸರು ಮಾತ್ರ ಬದಲಾದ ಅದೇ 1949ರ ಕಾಯ್ದೆಯಡಿ, ಲೈಸೆನ್ಸಿಲ್ಲದೆ ಮದ್ಯ ತಯಾರಿಸುವುದು ಶಿಕ್ಷಾರ್ಹ. ಕುಡಿಯಲಿಕ್ಕೂ ಕಾಗದದ ಮೇಲೆ ಪರ್ಮಿಟ್ ಬೇಕು. ವೈನ್ ಶಾಪಿನಲ್ಲಿ ಐದು ರೂಪಾಯಿಯ ಒಂದು ದಿನದ ಪರ್ಮಿಟ್ ಎಂಬ ವ್ಯವಸ್ಥೆಯುಂಟು. ಅಡುಗೆಮನೆಯ ಇಪ್ಪತ್ತು ಲೀಟರಿನ ಡ್ರಮ್ಮಿಗೆ ಅಂಥ ಚೀಟಿ ಇಲ್ಲ. ಮಾಲ್ಟು, ಹಾಪ್ಸು, ಯೀಸ್ಟು, ಹೈಡ್ರೋಮೀಟರು ಎಲ್ಲವೂ ಕೊರಿಯರಿನಲ್ಲಿ ಮನೆಗೇ ಬರುತ್ತವೆ, ಯಾವುದೂ ನಿಷಿದ್ಧವಲ್ಲ. ಅವುಗಳನ್ನು ಒಂದೇ ಡ್ರಮ್ಮಿಗೆ ಹಾಕಿ ಒಂದು ರಾತ್ರಿ ಬಿಟ್ಟರೆ ನಿಷಿದ್ಧ.

ಅಬಕಾರಿಯವರ ಕೈಯಲ್ಲಿದ್ದ ಕಡ್ಡಿ ಈಗ ಕಾನೂನಿನ ಹೊರಗಿರುವವರ ಕೈಗೆ ಬಂದಿದೆ, ಉರಣದ ಹಳೆಯ ತೊಡಕನ್ನೂ ಜೊತೆಗೆ ತಂದಿದೆ. ಈಗಿನ ಹೈಡ್ರೋಮೀಟರುಗಳು ಹೆಚ್ಚಾಗಿ 20 ಡಿಗ್ರಿಗೆ ನಿಗದಿಯಾದವು. ಕಲ್ಯಾಣದ ಮೇ ತಿಂಗಳಲ್ಲಿ ದ್ರವ 32 ಡಿಗ್ರಿಯಲ್ಲಿದ್ದರೆ ಕಡ್ಡಿ ಸುಮಾರು ಮೂರು ಅಂಕ ಕಡಿಮೆ ತೋರಿಸುತ್ತದೆ. ನಿಜವಾಗಿ 1.014 ಇರುವುದು 1.011 ಎಂದು ಕಂಡು, ಆಯಿತೆಂಬ ಭ್ರಮೆ ಹುಟ್ಟುತ್ತದೆ. ಸೆಕೆಗೆ ಹುದುಗು ಎರಡು ಮೂರು ದಿನದಲ್ಲೇ ನೊರೆಯೆದ್ದು ಇಳಿಯುವುದರಿಂದ ಕಣ್ಣೂ ಅದೇ ಸುಳ್ಳನ್ನು ಹೇಳುತ್ತದೆ. ಒಂದು ಅಂಕಿಯನ್ನು ನಂಬದೆ, ಒಂದೇ ಹೊತ್ತಿಗೆ, ಒಂದೇ ಉಷ್ಣಾಂಶದಲ್ಲಿ ಮೂರು ದಿನ ಓದಬೇಕು ಎನ್ನುವುದು ಇದಕ್ಕಾಗಿ. ಅಂಕಿ ಸರಿಯಿಲ್ಲದಿದ್ದರೂ ಅದು ಕದಲುತ್ತಿದೆಯೋ ಇಲ್ಲವೋ ಎಂಬುದಷ್ಟೇ ಮುಖ್ಯ. ಓದಿದ ಮೇಲೆ ಆ ಮಾದರಿಯನ್ನು ಚೆಲ್ಲದೆ ಒಂದು ಗುಟುಕು ರುಚಿ ನೋಡುವುದೂ ವಾಡಿಕೆ. ಸಿಹಿ ಹತ್ತಿದರೆ ಇನ್ನೊಂದು ವಾರ.

ತುಂಬುವ ದಿನ ಅನುಭವಿಗಳು ಗಾಜಿನ ಬಾಟಲಿಗಳ ಜೊತೆ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯನ್ನೂ ತುಂಬಿಡುತ್ತಾರೆ. ದಿನಾ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು. ಕಲ್ಲಿನಂತೆ ಗಟ್ಟಿಯಾದ ದಿನ ಎಲ್ಲವನ್ನೂ ಫ್ರಿಜ್ಜಿಗೆ ಸಾಗಿಸಬೇಕು. ಜಾಗ ಸಾಲದಿದ್ದರೆ ಗಾಜಿನವು ಮೊದಲು.